ಮಾಂಡೆಲ್ಲೊ: ಹದ್ದಿನ ಗೂಡು

ಉತ್ತರ ಇಟಲಿಯ ಭೂಪಟದಲ್ಲಿ ಕೊಮೊ ಸರೋವರವನ್ನು ಗುರುತಿಸುವುದು ಕಷ್ಟವಲ್ಲ. ಆಲ್ಪ್ಸ್ ಪರ್ವತಗಳ ಮಡಿಲಲ್ಲಿ ಎರಡು ಕಾಲುಗಳನ್ನು ಅಗಲಿಸಿ ನಿಂತ ಮನುಷ್ಯನ ಆಕಾರ ಅದರದು. ಪಡುವಣ ಕಾಲಿನ ತುದಿಗೆ ಕೊಮೊ ಪಟ್ಟಣ. ಮೂಡಣ ಕಾಲಿನ ತುದಿಗೆ ಲೆಕ್ಕೊ. ಸಿರಿವಂತರ ವಿಹಾರ ಭವನಗಳೂ ಪ್ರವಾಸಿಗರ ಜಂಗುಳಿಯೂ ಹೆಚ್ಚಾಗಿ ಪಡುವಣ ದಡದ ಪಾಲಿಗೆ ಬಂದಿವೆ. ಲೆಕ್ಕೊದ ಸುತ್ತಿನ ದಡವಾದರೋ ಕಬ್ಬಿಣ ಕಾಸಿ ಬಡಿದು ಬದುಕಿದ ದುಡಿಮೆಗಾರರ ನೆಲ. ಲೆಕ್ಕೊದಿಂದ ಬಡಗಣಕ್ಕೆ ಸುಮಾರು ಹತ್ತು ಕಿಲೋಮೀಟರು ಸಾಗಿದರೆ ಮಾಂಡೆಲ್ಲೊ ದೆಲ್ ಲಾರಿಯೊ ಎಂಬ ಊರು ಸಿಗುತ್ತದೆ. ಲಾರಿಯೊ ಎಂಬುದು ಸರೋವರದ ಪ್ರಾಚೀನ ನಾಮಧೇಯ. ಊರಿನ ಎದುರಿಗೆ ತಿಳಿನೀಲ ನೀರು. ಬೆನ್ನಿಗೆ 2,400 ಮೀಟರುಗಳಿಗೂ ಮೀರಿ ತಲೆಯೆತ್ತಿದ ಗ್ರಿನ್ಯಾ ಪರ್ವತ. ಸುಮಾರು ಹತ್ತು ಸಾವಿರ ಜನರ ಈ ಊರಿಗೆ ದೇಶದೇಶಗಳಿಂದ ಜನ ಬರುವುದು ನೀರನ್ನಾಗಲಿ ಬೆಟ್ಟವನ್ನಾಗಲಿ ನೋಡಲಿಕ್ಕಲ್ಲ. ಒಂದು ಕಾರ್ಖಾನೆಯ ಬಾಗಿಲನ್ನು ನೋಡಲಿಕ್ಕೆ. ಅದು ಮೋಟೊ ಗುತ್ಸಿ ಮೋಟಾರ್ ಸೈಕಲ್ಲುಗಳ ತವರು.

ಈ ಕಾರ್ಖಾನೆಯ ಹುಟ್ಟಿನಲ್ಲಿ ಒಂದು ಸ್ನೇಹದ ಕಥೆಯಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಟಲಿಯ ವಿಮಾನದಳದಲ್ಲಿ ಮೂವರು ಗೆಳೆಯರಿದ್ದರು. ಕಾರ್ಲೊ ಗುತ್ಸಿ ಯಂತ್ರ ಬಲ್ಲವನು. ಜಿಯೊರ್ಜಿಯೊ ಪರೋದಿ ಮತ್ತು ಜೊವಾನ್ನಿ ರವೆಲ್ಲಿ ವಿಮಾನ ಚಾಲಕರು. ಯುದ್ಧ ಮುಗಿದೊಡನೆ ಗುತ್ಸಿ ಮೋಟಾರ್ ಸೈಕಲ್ಲು ಕಟ್ಟಬೇಕು, ಪರೋದಿ ಹಣ ಹೊಂದಿಸಬೇಕು, ರವೆಲ್ಲಿ ಅದನ್ನು ಪಂದ್ಯಗಳಲ್ಲಿ ಓಡಿಸಿ ಗೆಲ್ಲಬೇಕು ಎಂದು ಮೂವರೂ ಮಾತಾಡಿಕೊಂಡರು. ಆದರೆ 1919ರಲ್ಲಿ ರವೆಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ. ಉಳಿದಿಬ್ಬರು ಮಾತು ಬಿಡಲಿಲ್ಲ. ಹಡಗಿನ ವ್ಯಾಪಾರಿಯಾಗಿದ್ದ ಪರೋದಿಯ ತಂದೆ ಎಚ್ಚರಿಕೆಯಿಂದಲೇ ಕೈಬಿಚ್ಚಿದ. ಎರಡು ಸಾವಿರ ಲಿರಾಗಳಿಗಿಂತ ಒಂದು ಕಾಸೂ ಹೆಚ್ಚಾಗಬಾರದೆಂಬುದು ಮೊದಲ ಪ್ರಯೋಗಕ್ಕೆ ಆತ ಹಾಕಿದ ಕಟ್ಟುಪಾಡು. 1921ರಲ್ಲಿ ಕಂಪನಿ ವಿಧಿವತ್ತಾಗಿ ಸ್ಥಾಪನೆಯಾಯಿತು. ಅಗಲಿದ ಗೆಳೆಯನ ನೆನಪಿಗಾಗಿ ಗಾಡಿಯ ಪೆಟ್ರೋಲ್ ಟ್ಯಾಂಕಿನ ಮೇಲೆ ರೆಕ್ಕೆ ಬಿಚ್ಚಿದ ಹದ್ದಿನ ಮುದ್ರೆ ಬಿತ್ತು. ಆ ಹದ್ದು ಇಂದಿಗೂ ಅಲ್ಲಿಯೇ ಇದೆ.

ಮುಂದಿನ ಮೂರೂವರೆ ದಶಕಗಳು ವೈಭವದ ಕಾಲ. 1928ರಲ್ಲಿ ಕಾರ್ಲೊನ ಸೋದರ ಜುಸೆಪ್ಪೆ ಗುತ್ಸಿ ಇಲ್ಲಿಯ ಗಾಡಿಯೇರಿ ನಾರ್ವೆಯ ಉತ್ತರದ ತುದಿಯತ್ತ ಸವಾರಿ ಹೊರಟು ಹೆಸರಾದ. 1950ರಲ್ಲಿ, ಸವಾರನ ಸಹಿತ ಇಡೀ ಗಾಡಿಯನ್ನು ನಿಲ್ಲಿಸಿ ಗಾಳಿಯ ಎದುರೊತ್ತನ್ನು ಅಳೆಯುವ ವಾಯುಸುರಂಗವೊಂದು ಕಾರ್ಖಾನೆಯೊಳಗೇ ಎದ್ದಿತು. 1955ರಲ್ಲಿ ಜೂಲಿಯೊ ಚೆಸಾರೆ ಕಾರ್ಕಾನೊ ಎಂಬ ಎಂಜಿನಿಯರು ಐನೂರು ಸಿ.ಸಿ.ಗಳ ಪುಟ್ಟ ಎಂಜಿನಿನಲ್ಲಿ ಎಂಟು ಸಿಲಿಂಡರುಗಳನ್ನು ಕೂಡಿಸಿ ಲೋಕವನ್ನು ಬೆರಗುಗೊಳಿಸಿದ. 1957ರ ಕೊನೆಗೆ ಕಂಪನಿ ಪಂದ್ಯಗಳಿಗೆ ವಿದಾಯ ಹೇಳಿತು. 1964ರಲ್ಲಿ ಕಾರ್ಲೊ ಗುತ್ಸಿ ಕಾಲವಾದ. ಜನ ಅಗ್ಗದ ಕಾರುಗಳತ್ತ ತಿರುಗಿದ್ದರು. ಮನೆಯ ಯಜಮಾನನೂ ಇಲ್ಲ, ಗಲ್ಲೆಯಲ್ಲಿ ಹಣವೂ ಇಲ್ಲ ಎಂಬ ಸ್ಥಿತಿ. 1967ರಲ್ಲಿ ಆಡಳಿತವೇ ಬೇರೊಂದು ಸಂಸ್ಥೆಯ ಕೈಸೇರಿತು.

ಆ ಸಂಕಟದ ನಡುವೆ ಹುಟ್ಟಿದ್ದು 'ವಿ-7'. ಅದರ ಎಂಜಿನು ಅದೇ ಕಾರ್ಕಾನೊನ ಸೃಷ್ಟಿ. ಇಂಗ್ಲಿಷಿನ 'ವಿ' ಅಕ್ಷರದಂತೆ ತೊಂಬತ್ತು ಡಿಗ್ರಿಗಳ ಕೋನದಲ್ಲಿ ತೆರೆದ ಎರಡು ಸಿಲಿಂಡರುಗಳು. ಒಟ್ಟು 703 ಸಿ.ಸಿ. ವಿಶೇಷವೆಂದರೆ ಅವು ಒಂದರ ಹಿಂದೊಂದು ಇಲ್ಲ. ಹೋರಿಯ ಕೊಂಬುಗಳಂತೆ ಎಡಕ್ಕೊಂದು ಬಲಕ್ಕೊಂದು ಚಾಚಿಕೊಂಡಿವೆ. ಹೀಗಾಗಿ ಎರಡಕ್ಕೂ ಗಾಳಿ ಸಮನಾಗಿ ತಗಲಿ ಎಂಜಿನು ತಣ್ಣಗಿರುತ್ತದೆ. ಹಿಂದಿನ ಗಾಲಿಗೆ ಶಕ್ತಿಯನ್ನು ಒಯ್ಯುವುದು ಚೈನಲ್ಲ, ಕೊಳವೆಯೊಳಗೆ ತಿರುಗುವ ಉಕ್ಕಿನ ದಂಡ. ಚೈನಿಗೆ ಎಣ್ಣೆ ಬಿಡುವ, ಬಿಗಿ ಮಾಡುವ ತಾಪತ್ರಯವಿಲ್ಲ. ಇಟಲಿಯ ಪೊಲೀಸರಿಗೆ ಬೇಕಾಗಿದ್ದುದು ಇಂತಹ ದೃಢಕಾಯದ ಗಾಡಿಯೇ. ಮುಂದೆ ಅಮೆರಿಕದ ಪೊಲೀಸರೂ ಇದನ್ನು ಮೆಚ್ಚಿ ಕೊಂಡರು. 1971ರಲ್ಲಿ ಲೀನೊ ತೊಂತಿಯ ಕೈಯಲ್ಲಿ ಇದೇ ಗಾಡಿ ತೆಳ್ಳಗಾಗಿ, ತಗ್ಗಾಗಿ, 'ವಿ-7 ಸ್ಪೋರ್ಟ್' ಎಂಬ ಹೆಸರಿನಿಂದ ಗಂಟೆಗೆ ಇನ್ನೂರು ಕಿಲೋಮೀಟರುಗಳ ವೇಗವನ್ನು ಮುಟ್ಟಿತು.

ಬಳಿಕ ಆ ಹೆಸರು ಮರೆಯಾಯಿತು. ಮಾಲೀಕರು ಬದಲಾದರು: 1973ರಲ್ಲಿ ದೆ ತೊಮಾಸೊ, 2000ದಲ್ಲಿ ಎಪ್ರಿಲಿಯ, ಎಪ್ರಿಲಿಯವೇ ಹಣದ ಮುಗ್ಗಟ್ಟಿಗೆ ಸಿಕ್ಕಿದಾಗ 2004ರಲ್ಲಿ ಪಿಯಾಜಿಯೊ. ಇಂತಹ ಪ್ರತಿಯೊಂದು ಹಸ್ತಾಂತರವೂ ಒಂದೇ ಕಾರ್ಖಾನೆಯನ್ನು ನೆಚ್ಚಿದ ಊರಿಗೆ ಎದೆಬಡಿತದ ಸಂಗತಿಯೇ ಸರಿ. ಕೊನೆಗೆ 2007ರಲ್ಲಿ ಮಿಲಾನಿನ ಪ್ರದರ್ಶನದಲ್ಲಿ ಹಳೆಯ ರೂಪು, ಹಳೆಯ ಹೆಸರು ತೊಟ್ಟು 'ವಿ-7 ಕ್ಲಾಸಿಕ್' ಕಾಣಿಸಿಕೊಂಡಿತು. ಮರುವರ್ಷ ಮಾರುಕಟ್ಟೆಗೆ ಬಂದಿತು. ಅಂದಿನಿಂದ ಅಭಿಮಾನಿಗಳಲ್ಲಿ ಎದ್ದ ಚರ್ಚೆ ಇನ್ನೂ ತಣಿದಿಲ್ಲ.

ಹಳಬರ ವಾದ ಖಾರವಾದುದು. ಇದು ವೇಷವೇ ಹೊರತು ವಂಶವಲ್ಲ ಎನ್ನುತ್ತಾರೆ ಅವರು. 744 ಸಿ.ಸಿ.ಗಳ ಹೊಸ ಎಂಜಿನು ಕಾರ್ಕಾನೊನ ದೊಡ್ಡ ಎಂಜಿನಿನ ಸಂತತಿಯಲ್ಲ. ತೊಂತಿ 1970ರ ದಶಕದಲ್ಲಿ ಸಣ್ಣ ಗಾಡಿಗಳಿಗೆಂದು ರೂಪಿಸಿದ ಎಂಜಿನಿನ ಕುಡಿ. ಶಕ್ತಿ ಐವತ್ತು ಅಶ್ವಶಕ್ತಿಯನ್ನೂ ಮುಟ್ಟದು. ಸಾಲದುದಕ್ಕೆ ಮೊದಲ ವರ್ಷಗಳಲ್ಲಿ ಟ್ಯಾಂಕು ಪ್ಲಾಸ್ಟಿಕಿನದು! ಹೊಸಬರ ಉತ್ತರವೂ ಸಪ್ಪೆಯಲ್ಲ. ನೂರೆಂಬತ್ತು ಕಿಲೋಗ್ರಾಂ ತೂಗುವ ಹಗುರವಾದ ಗಾಡಿ. ಸಾಮಾನ್ಯ ಎತ್ತರದವರ ಪಾದಗಳು ನೆಲ ಮುಟ್ಟುತ್ತವೆ. ಸಿಲಿಂಡರುಗಳು ಹೊರಗೇ ಚಾಚಿರುವುದರಿಂದ ಅಲ್ಪಸ್ವಲ್ಪ ಕೈಕೆಲಸ ಬಲ್ಲವನು ಮನೆಯಂಗಳದಲ್ಲಿಯೇ ವಾಲ್ವುಗಳನ್ನು ಸರಿಪಡಿಸಿಕೊಳ್ಳಬಹುದು. ನಿಂತಲ್ಲಿಯೇ ಎಕ್ಸಲರೇಟರು ತಿರುವಿದರೆ ಗಾಡಿ ಒಂದು ಪಕ್ಕಕ್ಕೆ ಮೆಲ್ಲನೆ ವಾಲುವುದುಂಟು. ಎಂಜಿನಿನ ತಿರುಗುದಂಡ ಉದ್ದುದ್ದಕ್ಕೆ ಕುಳಿತಿರುವುದರ ಫಲ ಅದು. ಮೊದಲ ಬಾರಿಗೆ ಕಂಡವನಿಗೆ ದೋಷವೆಂದು ತೋರುವ ಈ ವಾಲಾಟವನ್ನು ಅಭಿಮಾನಿ ಸಾಕಿದ ಕುದುರೆಯ ಚಡಪಡಿಕೆಯೆಂದೇ ಭಾವಿಸುತ್ತಾನೆ. ಹಿಂದಿನ ಸ್ಪ್ರಿಂಗು ಬಿರುಸು, ಎತ್ತರದವರ ಮೊಣಕಾಲು ಸಿಲಿಂಡರಿಗೆ ತಾಗುತ್ತದೆ ಎಂಬ ದೂರುಗಳನ್ನು ಮಾತ್ರ ಇಬ್ಬರೂ ಒಪ್ಪುತ್ತಾರೆ.

ಕಾರ್ಖಾನೆ ಕಿವುಡಾಗಿ ಕೂರಲಿಲ್ಲ. 2012ರಲ್ಲಿ ಟ್ಯಾಂಕು ಲೋಹದ್ದಾಯಿತು. ಎರಡನೆಯ ಆವೃತ್ತಿಯಲ್ಲಿ ಎಂಜಿನನ್ನು ನಾಲ್ಕು ಡಿಗ್ರಿ ಮುಂದಕ್ಕೆ ಬಾಗಿಸಿ ಹತ್ತು ಮಿಲಿಮೀಟರು ತಗ್ಗಿಸಿ ಮೊಣಕಾಲಿಗೆ ಎಡೆ ಮಾಡಿಕೊಟ್ಟರು. ಆರನೆಯ ಗೇರನ್ನು ಸೇರಿಸಿದರು. 2021ರಲ್ಲಿ ಎಂಜಿನು 853 ಸಿ.ಸಿ.ಗೆ ಬೆಳೆದು ಅರವತ್ತೈದು ಅಶ್ವಶಕ್ತಿ ಪಡೆಯಿತು. ಆಗ ಚರ್ಚೆ ಮಗ್ಗುಲು ಬದಲಿಸಿತು. ಹಿಂದೆ ಶಕ್ತಿ ಸಾಲದೆಂದವರ ಎದುರಿಗೆ, ಇಷ್ಟು ಶಕ್ತಿ ಯಾಕೆ, ಹಿಂದಿನ ಸೌಮ್ಯತೆಯೇ ಚೆನ್ನಾಗಿತ್ತು ಎನ್ನುವವರು ನಿಂತರು!

ಈ ವ್ಯಾಜ್ಯದ ತೀರ್ಮಾನಕ್ಕೆ ಮಾಂಡೆಲ್ಲೊದ ರಸ್ತೆಗಳೇ ಸಾಕ್ಷಿ ಹೇಳುತ್ತವೆ. ಸರೋವರದ ಮೂಡಣ ದಡದಲ್ಲಿ ಬಡಗಣಕ್ಕೆ ಹೋಗಲು ಎರಡು ದಾರಿಗಳಿವೆ. ಒಂದು, ಬೆಟ್ಟದ ಹೊಟ್ಟೆಯನ್ನು ಕೊರೆದು ಸುರಂಗಗಳಲ್ಲಿ ಧಾವಿಸುವ ಹೆದ್ದಾರಿ. ಅಲ್ಲಿ ವೇಗವುಂಟು, ಸರೋವರ ಕಾಣುವುದು ಅಪರೂಪ. ಇನ್ನೊಂದು, ನೀರಿನಂಚಿನಲ್ಲಿ ಬಳುಕುತ್ತ ಲಿಯೆರ್ನ, ವರೆನ್ನ ಎಂಬ ಊರುಗಳನ್ನು ಹಾಯುವ ಹಳೆಯ ದಾರಿ. ಕಿರಿದಾದ ಆ ದಾರಿಯಲ್ಲಿ ನೂರು ಅಶ್ವಶಕ್ತಿಯ ಗಾಡಿಗೂ ಐವತ್ತರದಕ್ಕೂ ಹೆಚ್ಚಿನ ಅಂತರ ತೋರದು. ತಿರುವಿನಲ್ಲಿ ತಡವರಿಸದೆ ಬಾಗುವ ಗಾಡಿಯೇ ಅಲ್ಲಿ ದೊಡ್ಡದು. ಹೊಸ ವಿ-7 ಅಂತಹ ದಾರಿಗೆ ಹೇಳಿ ಮಾಡಿಸಿದ ಗಾಡಿ.

ವಂಶದ ಪ್ರಶ್ನೆಗೂ ಊರಿನಲ್ಲಿಯೇ ಉತ್ತರವಿದೆ. ಮರುಹುಟ್ಟು ಪಡೆದ ಎಷ್ಟೋ ಹಳೆಯ ಗಾಡಿಗಳು ಹೆಸರನ್ನು ಮಾತ್ರ ಉಳಿಸಿಕೊಂಡು ಬೇರೆ ನೆಲದಲ್ಲಿ ತಯಾರಾಗುತ್ತವೆ. ವಿ-7 ಹಾಗಲ್ಲ. ಸ್ಥಾಪಕರಲ್ಲೊಬ್ಬನಾದ ಪರೋದಿಯ ತಂದೆಯ ಹೆಸರನ್ನೇ ಹೊತ್ತ ಬೀದಿಯಲ್ಲಿ, ಅದೇ ಹಳೆಯ ಕಾರ್ಖಾನೆಯ ಕೆಂಪು ಬಾಗಿಲಿನಿಂದ ಅದು ಹೊರಬಿದ್ದಿತು. ಕಂಪನಿಯ ಗಾಡಿಗಳಲ್ಲೆಲ್ಲ ಹೆಚ್ಚು ಮಾರಾಟವಾಗಿ ಆ ಬಾಗಿಲು ಮುಚ್ಚದಂತೆ ಕಾಯಿತು. ಕಂಪನಿಗೆ ನೂರು ವರ್ಷ ತುಂಬಿದ 2021ರಲ್ಲಿ, ಅಮೆರಿಕದ ವಾಸ್ತುಶಿಲ್ಪಿ ಗ್ರೆಗ್ ಲಿನ್ನನ ಕಲ್ಪನೆಯಂತೆ ಕಾರ್ಖಾನೆಯನ್ನೂ ವಸ್ತುಸಂಗ್ರಹಾಲಯವನ್ನೂ ಹೊಸದಾಗಿ ಕಟ್ಟುವ ಯೋಜನೆ ಪ್ರಕಟವಾದಾಗ, ಹಳೆಯ ಗೋಡೆಗಳು ಏನಾಗುವುವೋ ಎಂದು ಕಳವಳ ಪಡುವುದು ಅಭಿಮಾನಿಗಳಿಗೆ ಸಹಜವೇ. ಆದರೆ ಗೂಡು ಉಳಿಯಬೇಕಾದರೆ ಹದ್ದು ಹೊಸ ಕಡ್ಡಿಗಳನ್ನು ತಂದು ಹೆಣೆಯಲೇಬೇಕು. 1967ರಲ್ಲಿ ವಿ-7 ಮಾಡಿದ್ದೂ ಅದನ್ನೇ. 2008ರಲ್ಲಿ ಮಾಡಿದ್ದೂ ಅದನ್ನೇ. ಎಂಜಿನು ಬೇರೆಯಾದರೇನು, ಎರಡು ಸಲವೂ ಅದು ಊರಿನ ಒಲೆ ಆರದಂತೆ ನೋಡಿಕೊಂಡಿತು. ವಂಶವೆಂದರೆ ಇದಕ್ಕಿಂತ ಬೇರೆ ಏನು?