ಗಾಜಿಗೆ ಎಷ್ಟು ಆಕಾಶ ಕಾಣಬೇಕು

ಡಿಸೆಂಬರ್, ಅಮಾವಾಸ್ಯೆಯ ಆಸುಪಾಸು. ಸಕಲೇಶಪುರದ ಕಡೆಯ ಒಂದು ಕಾಫಿ ತೋಟದ ಕಣದಲ್ಲಿ ನಿಂತಿದ್ದೀರಿ. ಆಳುಗಳು ಸಂಜೆಯೇ ಹಣ್ಣನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿ ಹೋಗಿದ್ದಾರೆ. ಒಣಗಿದ್ದು ಇಬ್ಬನಿಗೆ ಮತ್ತೆ ನೆನೆಯಬಾರದಲ್ಲ. ಖಾಲಿ ಉಳಿದ ಮೂಲೆಯಲ್ಲಿ ಎರಡು ಟೆಲಿಸ್ಕೋಪು. ಒಂದು 8 ಇಂಚಿನ ಷ್ಮಿಟ್-ಕ್ಯಾಸೆಗ್ರೇನ್: ಮೋಟು ಕೊಳವೆ, ಬಾಯಿಗೇ ತೆಳು ಗಾಜಿನ ತಟ್ಟೆ. ಇನ್ನೊಂದು ಉದ್ದ ಕೊಳವೆಯ ನ್ಯೂಟನ್ ಮಾದರಿ. ಅದರ ಬಾಯಿ ತೆರೆದೇ ಇರುತ್ತದೆ, ದೊಡ್ಡ ಕನ್ನಡಿ ತಳದಲ್ಲಿ.

ಹತ್ತು ಗಂಟೆ. ಮಹಾವ್ಯಾಧ ಪೂರ್ವದಲ್ಲಿ ಚೆನ್ನಾಗಿ ಮೇಲೇರಿದ್ದಾನೆ. ಮೇಷ್ಟ್ರು 8 ಇಂಚಿನದನ್ನು ಅವನ ಕತ್ತಿಗೆ ಗುರಿಯಿಟ್ಟು ಪಕ್ಕಕ್ಕೆ ಸರಿಯುತ್ತಾರೆ. ಐಪೀಸಿಗೆ ಕಣ್ಣಿಡುತ್ತೀರಿ. ನಡುವೆ ಒತ್ತೊತ್ತಾಗಿ ನಾಲ್ಕು ನಕ್ಷತ್ರ, ಅವುಗಳ ಸುತ್ತ ಎರಡು ರೆಕ್ಕೆ ಚಾಚಿದ ಬೂದುಹಸಿರು ಬೆಳಕು. ಸುಮಾರು 1,300 ಜ್ಯೋತಿರ್ವರ್ಷ ದೂರದ ಅನಿಲ ಅದು.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರೆ ರೆಕ್ಕೆಯ ತುದಿಗಳಿಲ್ಲ. ನಕ್ಷತ್ರಗಳ ಸುತ್ತ ಮಸುಕು ಬಳೆ. ಫೋಕಸ್ ತಿರುಗಿಸುತ್ತೀರಿ, ಸರಿಹೋಗುವುದಿಲ್ಲ. ಮೇಷ್ಟ್ರು ಕೆಂಪು ಟಾರ್ಚನ್ನು ಕೊಳವೆಯ ಬಾಯಿಗೆ ಓರೆಯಾಗಿ ಹಿಡಿಯುತ್ತಾರೆ. ಗಾಜಿನ ಮೇಲೆ ಬೂದು ಪೊರೆ. ಇನ್ನಷ್ಟು ಬಾಗಿದರೆ ಪೊರೆಯಲ್ಲ, ಒಂದಕ್ಕೊಂದು ತಾಗಿ ಕೂತ ಸಣ್ಣ ಸಣ್ಣ ಹನಿ.

ತೋಟದ ಹುಡುಗ ತಲೆಗೆ ಸುತ್ತಿದ ಟವೆಲ್ಲು ಬಿಚ್ಚುತ್ತಾನೆ. "ಒರೆಸ್ಲಾ ಮೇಷ್ಟ್ರೆ?"

"ಬೇಡ ಮಾರಾಯ, ಮುಟ್ಬೇಡ. ಧೂಳಿನ ಸಮೇತ ಉಜ್ಜಿದ್ರೆ ಗಾಜಿನ ಲೇಪನಕ್ಕೆ ಗೀರು ಬೀಳುತ್ತೆ. ಒರೆಸಿದ್ರೂ ಐದು ನಿಮಿಷಕ್ಕೆ ಮತ್ತೆ ಕೂರುತ್ತೆ."

ಸುತ್ತ ಒಮ್ಮೆ ಕೈಯಾಡಿಸಿ ನೋಡಿ. ಬಯಲಲ್ಲಿ ನಿಂತ ಜೀಪಿನ ಮುಂಗಾಜು ತೊಯ್ದಿದೆ. ಸಿಲ್ವರ್ ಓಕ್ ಅಡಿಯ ಬೈಕಿನ ಸೀಟು ಒಣಗಿಯೇ ಇದೆ. ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ ಇಂಥದ್ದನ್ನೇ ರಾತ್ರಿಗಟ್ಟಲೆ ಅಳೆದು 1814ರಲ್ಲಿ ಇಬ್ಬನಿಯ ಬಗ್ಗೆ ಪುಸ್ತಕ ಬರೆದ. ಹುಲ್ಲಿನ ಮೇಲೆ ಎರಡೂವರೆ ಅಡಿ ಎತ್ತರದ, ಒಂದಡಿ ಅಗಲದ ಮಣ್ಣಿನ ಕೊಳವೆಯನ್ನು ನಿಲ್ಲಿಸಿ, ಅದರೊಳಗೆ 10 ಗ್ರೇನ್ ಉಣ್ಣೆ ಇಟ್ಟ. ಅಷ್ಟೇ ಉಣ್ಣೆಯನ್ನು ಹೊರಗೆ ಬಯಲಲ್ಲೂ ಇಟ್ಟ. ಬಯಲಿನದು 16 ಗ್ರೇನ್ ನೀರು ಹೀರಿತ್ತು. ಕೊಳವೆಯೊಳಗಿನದು ಎರಡಕ್ಕಿಂತ ತುಸು ಹೆಚ್ಚು, ಅಷ್ಟೇ. ಇಬ್ಬನಿ ಮಳೆಯಂತೆ ನೆಟ್ಟಗೆ ಮೇಲಿನಿಂದ ಉದುರುವುದಾಗಿದ್ದರೆ ಬಾಯಿ ತೆರೆದ ಕೊಳವೆಯೊಳಗೂ ಸರಿಸಮ ಬೀಳಬೇಕಿತ್ತು. ಆಗುವುದೇ ಬೇರೆ. ಬರಿಯ ಆಕಾಶಕ್ಕೆ ಮುಖ ಮಾಡಿದ ವಸ್ತು ತನ್ನ ಶಾಖವನ್ನು ಅತ್ತ ಕಳೆದುಕೊಳ್ಳುತ್ತದೆ, ನಿರಭ್ರ ಆಕಾಶದಿಂದ ವಾಪಸು ಬರುವುದು ಕಡಿಮೆ. ಹಾಗಾಗಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗಿ, ಗಾಳಿಯ ತೇವವನ್ನು ತನ್ನ ಮೈಮೇಲೆ ಕೂರಿಸಿಕೊಳ್ಳುತ್ತದೆ. ಆ ಮಣ್ಣಿನ ಕೊಳವೆ ಉಣ್ಣೆಗೆ ಕಾಣುವ ಆಕಾಶವನ್ನು ಕಿರಿದು ಮಾಡಿತ್ತು. ಇಷ್ಟು ಸರಳವಾದ ಪ್ರಯೋಗ ಇಷ್ಟು ದೊಡ್ಡ ಗಂಟನ್ನು ಬಿಡಿಸಿದ್ದು ನನಗೆ ಈಗಲೂ ಬೆರಗು.

ಮೇಷ್ಟ್ರು ಜೀಪಿನಿಂದ ತರುವುದೂ ಒಂದು ಕೊಳವೆಯನ್ನೇ. ಹಳೆಯ ಯೋಗಾ ಮ್ಯಾಟನ್ನು 75 ಸೆಂಟಿಮೀಟರ್ ಉದ್ದ, 40 ಅಗಲಕ್ಕೆ ಕತ್ತರಿಸಿ, ಅಂಚಿಗೆ ಟೈಲರ್ ಕೈಲಿ ವೆಲ್ಕ್ರೋ ಹೊಲಿಸಿದ್ದಾರೆ. ಒಳಮೈಗೆ ಕಪ್ಪು ವೆಲ್ವೆಟ್. ಟೆಲಿಸ್ಕೋಪಿನ ಬಾಯಿಗೆ ಸುತ್ತಿದಾಗ ಒಂದು ಗೇಣಿಗಿಂತ ಕಡಿಮೆ ಹಿಂದಕ್ಕೆ ಹಿಡಿದುಕೊಂಡು, 30 ಸೆಂಟಿಮೀಟರ್ ಗಾಜಿನ ಮುಂದೆ ಚಾಚುತ್ತದೆ, ಎಂದರೆ ಗಾಜಿನ ವ್ಯಾಸದ ಒಂದೂವರೆ ಪಟ್ಟು. ಅದಕ್ಕಿಂತ ಗಿಡ್ಡವಾದರೆ ಆಕಾಶ ಧಾರಾಳ ಕಾಣುತ್ತದೆ. ತೀರಾ ಉದ್ದವಾದರೆ ಮ್ಯಾಟು ಜೋತು ಬಿದ್ದು ನಕ್ಷತ್ರದ ಬೆಳಕಿಗೇ ಅಡ್ಡ ಬರುತ್ತದೆ. ಕೊಂಡು ತಂದ ತಗಡಿನ ಹೊದಿಕೆಗಿಂತ ಇದೇ ಮೇಲು ಎನ್ನುವವನು ನಾನು. ತಗಡಿಗೆ ಹೊರಗೆ ತಟ್ಟಿದ ಚಳಿ ಒಳಮೈಗೂ ದಾಟುತ್ತದೆ, ಮ್ಯಾಟಿನ ರಬ್ಬರು ದಾಟಗೊಡುವುದಿಲ್ಲ.

ಆದರೆ ಈಗಾಗಲೇ ಕೂತ ಹನಿ ಇದರಿಂದ ಹೋಗದು. ಜೀಪಿನ 12 ವೋಲ್ಟಿನಿಂದ ನಡೆಯುವ ಸಣ್ಣ ಹೇರ್ ಡ್ರೈಯರನ್ನು ಮೇಷ್ಟ್ರು ದೂರದಿಂದ, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾರೆ. ಪೊರೆ ಅಂಚಿನಿಂದ ಒಳಕ್ಕೆ ಸರಿಯುತ್ತಾ ಕರಗುವುದು ಕಣ್ಣಿಗೇ ಕಾಣುತ್ತದೆ.

ಅಷ್ಟರಲ್ಲಿ ಪಶ್ಚಿಮದ ಗುಡ್ಡದ ಮೇಲೆ ಯಾರೋ ಎಲ್‌ಇಡಿ ಫ್ಲಡ್‌ಲೈಟ್ ಹಾಕುತ್ತಾರೆ. ನ್ಯೂಟನ್ ಟೆಲಿಸ್ಕೋಪು ಅದೇ ದಿಕ್ಕಿಗೆ, ಇಳಿಯುತ್ತಿರುವ ಎಂ33 ಗೆಲಾಕ್ಸಿಗೆ ತಿರುಗಿದೆ. ಮೊದಲೇ ಹೊಗೆಯಷ್ಟು ತೆಳುವಾದ ಬೆಳಕು ಅದು. ಈಗ ಹಿನ್ನೆಲೆಯೇ ಬೂದಾಗಿ ಅದರಲ್ಲಿ ಸೇರಿಹೋಗಿದೆ.

"ಐಪೀಸ್ ತೆಗೆದು ಬರಿಗಣ್ಣಲ್ಲಿ ಒಳಗೆ ನೋಡಿ," ಎನ್ನುತ್ತಾರೆ ಮೇಷ್ಟ್ರು. ನೋಡುತ್ತೀರಿ. ಚಿಕ್ಕ ಕನ್ನಡಿಯ ಆಚೆ, ಎದುರು ಗೋಡೆ ಮಿನುಗುತ್ತಿದೆ. ಕಪ್ಪು ಪೇಂಟೇ ಬಳಿದದ್ದು. ಆದರೆ ಓರೆಯಾಗಿ ಬಂದ ಬೆಳಕಿಗೆ ಕಪ್ಪೂ ಹೊಳೆಯುತ್ತದೆ, ಮಧ್ಯಾಹ್ನದ ಟಾರು ರಸ್ತೆ ದೂರದಲ್ಲಿ ಬೆಳ್ಳಗೆ ಕಾಣುವ ಹಾಗೆ. ಆ ಹೊಳಪು ನೇರ ಐಪೀಸಿಗೇ ಬರುತ್ತಿದೆ. ಇಬ್ಬನಿಯದ್ದಾಗಲಿ ಇದಾಗಲಿ, ಬೇರು ಒಂದೇ: ಬೇಡದ ಕಡೆಗೆಲ್ಲ ಬಾಯಿ ತೆರೆದುಕೊಂಡಿರುವುದು.

ಕೊಳವೆಯನ್ನು ಅಡ್ಡ ಮಲಗಿಸುತ್ತಾರೆ. ಕೈ ಜಾರಿ ಬಿದ್ದದ್ದು ತಳದ ಕನ್ನಡಿಗೆ ಬೀಳಬಾರದು. ಐಪೀಸಿನ ಎದುರು ಗೋಡೆಗೆ ಅಂಗೈ ಎರಡರಷ್ಟು ವೆಲ್ವೆಟ್ ತುಂಡನ್ನು ಡಬಲ್ ಟೇಪಿನಿಂದ ಅಂಟಿಸುತ್ತಾರೆ. ಬಟ್ಟೆಯ ಎದ್ದು ನಿಂತ ಎಳೆಗಳ ಸಂದಿಗೆ ಹೊಕ್ಕ ಬೆಳಕಿಗೆ ಹೊರದಾರಿ ಸಿಗುವುದಿಲ್ಲ. ಬಾಯಿಗೆ ಇನ್ನೊಂದು ಮ್ಯಾಟಿನ ಸುತ್ತು. ಕಂಬಳಿಯೊಂದನ್ನು ನಿಮ್ಮ ತಲೆಯ ಮೇಲೂ ಎಳೆಯುತ್ತಾರೆ. "ಉಸಿರು ಐಪೀಸಿಗೆ ತಾಗಿಸ್ಬೇಡಿ, ಅದೂ ಮಂಜಾಗುತ್ತೆ."

ಕಂಬಳಿಯ ಕತ್ತಲಲ್ಲಿ ಕಣ್ಣು ಪಳಗಲು ಸಮಯ ಬೇಕು. ಬಳಿಕ, ನೇರ ನೋಡದೆ ನೋಟವನ್ನು ತುಸು ಪಕ್ಕಕ್ಕಿಟ್ಟಾಗ, ಎಂ33 ಒಂದು ಅಂಡಾಕಾರದ ಮಬ್ಬಾಗಿ ಮೂಡುತ್ತದೆ. ಫ್ಲಡ್‌ಲೈಟ್ ಇನ್ನೂ ಉರಿಯುತ್ತಲೇ ಇದೆ.

ಎರಡು ಗಂಟೆಯ ಹೊತ್ತಿಗೆ ತೇವ ಇನ್ನೂ ಏರುತ್ತದೆ. ಮ್ಯಾಟೊಂದೇ ಸಾಲದು. ಮೇಷ್ಟ್ರು ಒಂದು ಬಟ್ಟೆಯ ಪಟ್ಟಿಯನ್ನು ಗಾಜಿನ ಅಂಚಿನ ಹಿಂದೆಯೇ ಕೊಳವೆಗೆ ಬಿಗಿಯುತ್ತಾರೆ. ಒಳಗೆ 330 ಓಮಿನ 12 ರೆಸಿಸ್ಟರುಗಳನ್ನು ಸಮಾಂತರವಾಗಿ ಬೆಸೆದಿದ್ದಾರೆ. ಯುಪಿಎಸ್‌ನ 12 ವೋಲ್ಟ್ ಬ್ಯಾಟರಿಗೆ ಸಿಕ್ಕಿಸಿದರೆ ಒಟ್ಟು 5 ವಾಟಿನಷ್ಟು ಶಾಖ. ಒಂದೊಂದಕ್ಕೆ ಬರುವುದು ಅರ್ಧ ವಾಟಿಗೆ ಹತ್ತಿರವಾದ್ದರಿಂದ ಒಂದು ವಾಟ್ ತಡೆಯುವವೇ ಬೇಕು. ನಡುವೆ ಫ್ಯೂಸ್ ಇಲ್ಲದೆ ಸಿಕ್ಕಿಸಲೇಬಾರದು. ಮುಟ್ಟಿದರೆ ಕೈಗೆ ಬರೀ ಉಗುರುಬೆಚ್ಚಗೆ. ಗಾಜು ಗಾಳಿಗಿಂತ ಒಂದೆರಡು ಡಿಗ್ರಿ ಬೆಚ್ಚಗಿದ್ದರೆ ಸಾಕು. ಹೆಚ್ಚು ಕಾಯಿಸಿದರೆ ಕೊಳವೆಯೊಳಗಿನ ಗಾಳಿಯೇ ಕಲಕಿ ನಕ್ಷತ್ರಗಳು ಕುದಿಯತೊಡಗುತ್ತವೆ.

ನಾಲ್ಕಕ್ಕೆ ಮುಚ್ಚಳ ಕೈಗೆತ್ತಿಕೊಂಡ ಹುಡುಗನನ್ನು ಮೇಷ್ಟ್ರು ತಡೆಯುತ್ತಾರೆ. ತೇವ ಒಳಗಿಟ್ಟು ಮುಚ್ಚಿದರೆ ಮಲೆನಾಡಲ್ಲಿ ಗಾಜಿಗೆ ಬೂಷ್ಟು ಹಿಡಿಯುವುದು ಖಂಡಿತ. ಟೆಲಿಸ್ಕೋಪನ್ನು ಒಳಗೊಯ್ದು, ಬಾಯಿಯನ್ನು ಕೆಳಮುಖ ಮಾಡಿ, ಗಾಜು ಪೂರ್ತಿ ಒಣಗುವವರೆಗೆ ತೆರೆದೇ ಬಿಡುತ್ತಾರೆ. ಮುಚ್ಚಳ ಹಾಕುವುದು ತಿಂಡಿಯಾದ ಮೇಲೆ.