ಗ್ರಾಮಸಭೆ, ನೀರಿನ ಕಂದಾಯ ಮತ್ತು ನಮ್ಮನೆ ಬಾಕಿ

"ಅಟ್ಟದಿಂದ ಕಾಯಿ ಇಳಿಸಿ ಕೊಬ್ಬರಿ ಸುಲಿಸೋದಿದೆ, ಎರಡು ದಿನ ರಜ ಹಾಕಿ ಬಾ" ಅಂತ ಅಪ್ಪ ಫೋನ್ ಮಾಡಿದ್ದರಿಂದ ಊರಿಗೆ ಹೋಗಿದ್ದೆ. ಊರು ಅಂದರೆ ಹಂದನಕೆರೆ ಹೋಬಳಿ. ತಾಲ್ಲೂಕು ಚಿಕ್ಕನಾಯಕನಹಳ್ಳಿ, ಕೊಬ್ಬರಿ ವ್ಯಾಪಾರಕ್ಕೆ ತಿಪಟೂರು. (ಪಂಚಾಯ್ತಿ ಯಾವುದು ಅಂತ ಮಾತ್ರ ಬರೆಯೋದಿಲ್ಲ. ಅದರಲ್ಲಿ ಅರ್ಧ ಜನ ನಮ್ಮ ನೆಂಟರೇ. ಬರೆದರೆ ಮುಂದಿನ ಹಬ್ಬಕ್ಕೆ ಯಾರ ಮನೆಯಲ್ಲೂ ನನಗೆ ಹೋಳಿಗೆ ಸಿಗಲ್ಲ.)

ಬೆಳಗ್ಗೆ ಜಗಲಿ ಮೇಲೆ ಕಾಫಿ ಕುಡೀತಾ ಕೂತಿದ್ದಾಗ ಮೈಕ್ ಕಟ್ಟಿಕೊಂಡ ಆಟೋ ಬಂತು. ಇವತ್ತು ಹನ್ನೊಂದು ಗಂಟೆಗೆ ಗ್ರಾಮಸಭೆ, ಮುಂದಿನ ವರ್ಷದ ಕ್ರಿಯಾಯೋಜನೆ, ನೀರಿನ ಕಂದಾಯ ಪರಿಷ್ಕರಣೆ, ಸಾರ್ವಜನಿಕರು ಬಂದು ಸಲಹೆ ಕೊಡಬೇಕು… ಇಷ್ಟು ಹೇಳುವಷ್ಟರಲ್ಲಿ ಆಟೋ ತಿರುವಿನಲ್ಲಿ ಮಾಯ. ಅಪ್ಪ ಪೇಪರಿನಿಂದ ತಲೆ ಎತ್ತಲೇ ಇಲ್ಲ.

ಹಿತ್ತಲಲ್ಲಿ ಕೊಬ್ಬರಿ ಸುಲೀತಿದ್ದ ಅಕ್ಕ ಮಾತ್ರ ಕೈ ನಿಲ್ಲಿಸಿ ಕೇಳಿಸಿಕೊಂಡರು. ಜನತಾ ಕಾಲೋನಿಯವರು. ನಾನು ಚಡ್ಡಿ ಹಾಕ್ತಿದ್ದ ಕಾಲದಿಂದ ನಮ್ಮನೆಗೆ ಕೆಲಸಕ್ಕೆ ಬರ್ತಾರೆ. "ನೀನೂ ಬಾರಪ್ಪ. ಐವತ್ತಿದ್ದದ್ದು ನೂರು ಮಾಡ್ತಾರಂತೆ. ನಾವು ಕೇಳಿದ್ರೆ ನಕ್ಕು ಸುಮ್ನಾಯ್ತಾರೆ, ಓದಿದೋರು ಕೇಳಿದ್ರೆ ಉತ್ತರ ಹೇಳ್ತಾರೆ" ಅಂದರು. ಅರ್ಧ ದಿನದ ಕೂಲಿ ಬಿಟ್ಟು ಹೊರಟಿದ್ದರು. ಪುಕ್ಕಟೆ ರಜದಲ್ಲಿರೋ ನಾನು ಇಲ್ಲ ಅನ್ನೋಕಾಗುತ್ತಾ?

ಹೋಗುವ ಮುಂಚೆ ನನ್ನ ತಲೆಯಲ್ಲಿ ಏನಿತ್ತು ಅಂತ ಹೇಳಿಬಿಡ್ತೀನಿ. ಇಂಗ್ಲೆಂಡಿನಲ್ಲಿರೋ ಗೆಳೆಯನೊಬ್ಬ ಕೌನ್ಸಿಲ್ ಮನೆಯಲ್ಲಿದ್ದಾನೆ. ಅಲ್ಲಿನ ಮುನಿಸಿಪಾಲಿಟಿಯೇ ಕಟ್ಟಿಸಿ ಬಾಡಿಗೆಗೆ ಕೊಡುವ ಮನೆ. ಅವನಿಗೆ ಒಂದು ಪತ್ರ ಬಂದಿತ್ತಂತೆ: ಬಾಡಿಗೆ ಇಷ್ಟು ಏರಿಸಬೇಕೆಂದಿದ್ದೇವೆ, ಬರುವ ಹಣದಲ್ಲಿ ಮೊದಲು ಏನು ಮಾಡೋಣ, ಕಿಟಕಿ ಬದಲಿಸೋದಾ, ಲಿಫ್ಟ್ ರಿಪೇರಿನಾ, ಮೆಟ್ಟಿಲಿಗೆ ದೀಪನಾ ಅಂತ. ಅದನ್ನು ಓದಿ ನನಗೆ ಹೊಟ್ಟೆಕಿಚ್ಚಾಗಿತ್ತು. ಆಮೇಲೆ ಹುಡುಕಿ ನೋಡಿದರೆ ಅಲ್ಲೂ ಒಂದು ತಮಾಷೆ ಇದೆ. 1985ರ ಹೌಸಿಂಗ್ ಆಕ್ಟಿನ 105ನೇ ಸೆಕ್ಷನ್ ಪ್ರಕಾರ ಮನೆಗಳ ನಿರ್ವಹಣೆಯಲ್ಲಿ ದೊಡ್ಡ ಬದಲಾವಣೆ ಮಾಡುವಾಗ ಕೌನ್ಸಿಲ್ ಬಾಡಿಗೆದಾರರನ್ನು ಕೇಳಲೇಬೇಕು. ಆದರೆ ಬಾಡಿಗೆ ಎಷ್ಟು ಅನ್ನೋದನ್ನು ಅದೇ ಸೆಕ್ಷನ್ನು ಹೊರಗಿಟ್ಟಿದೆ! ಕೇಳುವ ಕೌನ್ಸಿಲ್‌ಗಳು ತಾವಾಗೇ ಕೇಳ್ತವೆ ಅಷ್ಟೆ. ಬಾಡಿಗೆಗೆ ಮೇಲಿನ ಮಿತಿ ಹಾಕೋದು ಸರ್ಕಾರ. 2023ರ ಏಪ್ರಿಲ್‌ನಿಂದ ಒಂದು ವರ್ಷಕ್ಕೆ 7%ಗಿಂತ ಹೆಚ್ಚು ಏರಿಸುವಂತಿಲ್ಲ ಅಂತ ಹಾಕಿತ್ತು. ಒಂದು ವಿಷಯ ಮಾತ್ರ ನನಗೆ ಬಹಳ ಹಿಡಿಸಿತು. 1989ರ ಕಾಯ್ದೆಯ ನಂತರ ಅಲ್ಲಿ ಕೌನ್ಸಿಲ್ ಮನೆಗಳ ಬಾಡಿಗೆ ಹಣ ಬೇರೆಯೇ ಖಾತೆಯಲ್ಲಿರಬೇಕು, ಆ ಮನೆಗಳಿಗೇ ಖರ್ಚಾಗಬೇಕು.

ನಮ್ಮ ಜನತಾ ಮನೆಗೆ ಬಾಡಿಗೆ ಇಲ್ಲ. ಮನೆ ಕಂದಾಯ, ನೀರಿನ ಕಂದಾಯ ಎರಡೇ. ಗ್ರಾಮಸಭೆಯೋ, ಕಾಗದದ ಮೇಲೆ ಅವರ ಪತ್ರಕ್ಕಿಂತ ದೊಡ್ಡದು. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಊರಿನ ಮತದಾರರೆಲ್ಲ ಅದರ ಸದಸ್ಯರು. ಲೆಕ್ಕಪತ್ರ, ಕ್ರಿಯಾಯೋಜನೆ, ಯಾರಿಗೆ ಮನೆ ಕೊಡಬೇಕು ಅನ್ನೋ ಪಟ್ಟಿ ಎಲ್ಲ ಅವರ ಮುಂದೆ ಬರಬೇಕು. ಅದಕ್ಕೂ ಮುಂಚೆ 1983ರ ಕಾಯ್ದೆ ತಂದು ಮಂಡಲ ಪಂಚಾಯ್ತಿ ಮಾಡಿದವರು ಅಬ್ದುಲ್ ನಜೀರ್ ಸಾಬ್. ಊರೂರಿಗೆ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಅನ್ನಿಸಿಕೊಂಡವರೂ ಅವರೇ. ನೀರು ಮತ್ತು ಪಂಚಾಯ್ತಿ ಎರಡನ್ನೂ ಒಬ್ಬರೇ ಮಂತ್ರಿ ತಂದಿದ್ದು ನನಗೆ ಯಾವಾಗಲೂ ಸರಿ ಅನ್ನಿಸುತ್ತೆ.

ಇಷ್ಟೆಲ್ಲ ಮನಸ್ಸಲ್ಲೇ ಭಾಷಣ ತಯಾರು ಮಾಡಿಕೊಂಡು ಹೋದೆ. ಪಾರದರ್ಶಕತೆ, ಪ್ರತ್ಯೇಕ ಖಾತೆ, ಲೆಕ್ಕ ಕೊಡಿ… ಭಾರೀ ಭಾಷಣ!

ಸಭೆಯಲ್ಲಿ ಮುಂದಿನ ಕುರ್ಚಿಗಳಲ್ಲಿ ಗಂಡಸರು, ಹಿಂದೆ ಜಮಖಾನದ ಮೇಲೆ ಹೆಂಗಸರು. ನೋಡಲ್ ಅಧಿಕಾರಿ ಅಂತ ಬೇರೆ ಇಲಾಖೆಯವರೊಬ್ಬರು ಬಂದಿದ್ದರು. ಹೋದ ವರ್ಷದ ವರದಿಯನ್ನು ಪಿಡಿಒ ಸರಸರ ಓದಿದರು. ಆಮೇಲೆ ನೀರಿನ ವಿಷಯ. ಅವರ ಲೆಕ್ಕವೂ ಸುಳ್ಳಲ್ಲ. ಪಂಪಿನ ಕರೆಂಟ್ ಬಿಲ್ಲು, ನೀರುಗಂಟಿ ಸಂಬಳ, ವರ್ಷಕ್ಕೆ ಎರಡು ಮೂರು ಸಲ ಮೋಟರು ಸುಟ್ಟರೆ ಎತ್ತಿಸಿ ರೀವೈಂಡಿಂಗ್ ಮಾಡಿಸೋದು, ಎಲ್ಲ ಸೇರಿದರೆ ಐವತ್ತು ರೂಪಾಯಿ ಎಲ್ಲಿಗೂ ಸಾಲಲ್ಲ. ತೋಟದಲ್ಲಿ ಬೋರ್ ಇಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾನು ಎದ್ದು ನಿಂತೆ. "ಸರ್, ದರ ಏರಿಸೋಕೆ ಮುಂಚೆ ಈಗಿನ ಬಾಕಿ ಎಷ್ಟಿದೆ, ಯಾರ್ಯಾರು ಕಟ್ಟಿಲ್ಲ, ಓದಿ" ಅಂದೆ. ಹಿಂದಿನಿಂದ "ಹಂಗ್ ಕೇಳಪ್ಪ" ಅಂತ ಒಂದು ದನಿ ಬಂತು. ನನಗೆ ಒಂದಿಷ್ಟು ಎತ್ತರ ಬೆಳೆದ ಹಾಗೆ ಅನ್ನಿಸಿತು.

ಬಿಲ್ ಕಲೆಕ್ಟರ್ ರಿಜಿಸ್ಟರು ತೆಗೆದು ಓದಿದರು. ಕಾಲೋನಿಯ ಹೆಸರುಗಳು ಕೆಲವು ಬಂದವು, ಒಂದು ತಿಂಗಳು, ಎರಡು ತಿಂಗಳು ಬಾಕಿ. ಆಮೇಲೆ ಊರೊಳಗಿನವು. ಎಲ್ಲ ತೋಟಸ್ಥರು. ಮೂರನೆಯ ಹೆಸರೋ ನಾಲ್ಕನೆಯದೋ, ಅಪ್ಪನದು. ಮನೆ ಕಂದಾಯ ನಾಲ್ಕು ವರ್ಷದ್ದು, ನೀರಿನದು ನಲ್ಲಿ ಹಾಕಿಸಿದಾಗಿನಿಂದ.

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿ ಇತ್ತು. ಬಿಲ್ ಕಲೆಕ್ಟರ್ ನನ್ನ ಕಡೆ ನೋಡದೇ ಮುಂದಿನ ಹೆಸರಿಗೆ ಹೋದರು, ಅದು ಅವರ ದೊಡ್ಡತನ. ನಾನು ಕೂತೆ. ನನ್ನ ಭಾಷಣ ಅಲ್ಲೇ ಮುಗೀತು.

ಆಗ ಎದ್ದವರು ಅಕ್ಕ. ಕೈಯಲ್ಲಿ ಕಾಯಿಯ ಕರೆ ಇನ್ನೂ ಹಾಗೇ ಇತ್ತು. "ಸಾಮಿ, ನೂರು ಮಾಡ್ಕಳಿ. ಆದ್ರೆ ನೀರು ಯಾವತ್ತು ಬಿಡ್ತೀರಾ ಅಂತ ಹೇಳಿಬಿಡಿ. ಒಂದು ಸತಿ ಮೂರು ದಿನಕ್ಕೆ ಬಿಡ್ತಾರೆ, ಒಂದು ಸತಿ ಆರು ದಿನಕ್ಕೆ. ಇವತ್ತು ಬತ್ತದೆ ಅಂತ ಕೂಲಿ ಬಿಟ್ಟು ನಲ್ಲಿ ಮುಂದೆ ಕೂತ್ಕಂತೀನಿ, ಬರಕಿಲ್ಲ. ತಿಂಗಳಿಗೆ ಎರಡು ಕೂಲಿ ಇಂಗೇ ಹೋಯ್ತದೆ. ನಿಮ್ ಐವತ್ತು ರೂಪಾಯಿ ಯಾವ ಲೆಕ್ಕ?"

ಸಭೆ ಸುಮ್ಮನಾಯಿತು. ಇದು ಅಜೆಂಡಾದಲ್ಲಿರಲಿಲ್ಲ. ದರ ಐವತ್ತೋ ನೂರೋ ಅಂತ ಜಗಳಕ್ಕೆ ಎಲ್ಲರೂ ತಯಾರಾಗಿ ಬಂದಿದ್ದೆವು, ನಾನೂ ಸೇರಿ. ದಿನ ಗೊತ್ತು ಮಾಡಿ ಅನ್ನೋದಕ್ಕೆ ಒಂದು ಪೈಸೆ ಅನುದಾನ ಬೇಕಿಲ್ಲ.

ಇನ್ನೊಬ್ಬರು, ಮೇಲಿನ ಸಾಲಿನ ಮನೆಯ ಸೊಸೆ ಇರಬೇಕು, ಕೂತಲ್ಲಿಂದಲೇ ಹೇಳಿದರು. ಪೈಪು ಕೆಳಗಿನ ಸಾಲಿನಿಂದ ಬರುತ್ತೆ, ಅಲ್ಲಿ ತೊಟ್ಟಿ, ಡ್ರಮ್ಮು ಎಲ್ಲ ತುಂಬೋವರೆಗೂ ಮೇಲಕ್ಕೆ ಹತ್ತಲ್ಲ, ಅಷ್ಟೊತ್ತಿಗೆ ನೀರುಗಂಟಿ ನಿಲ್ಲಿಸಿಬಿಡ್ತಾನೆ. ನಡುವೆ ಒಂದು ವಾಲ್ವ್ ಹಾಕಿಸಿ ಎರಡು ಸಾಲಿಗೂ ಬೇರೆ ಬೇರೆ ಬಿಡಿಸಿ, ಸಿಮೆಂಟ್ ರಸ್ತೆ ಆಮೇಲೆ ಮಾಡಿ ಅಂತ. ಕ್ರಿಯಾಯೋಜನೆಯ ಪಟ್ಟಿಯಲ್ಲಿ ಮೊದಲನೆಯದು ಸಿ.ಸಿ. ರಸ್ತೆ, ಎರಡನೆಯದೂ ಸಿ.ಸಿ. ರಸ್ತೆ. ವಾಲ್ವ್ ಎಲ್ಲೂ ಇರಲಿಲ್ಲ. "ರಸ್ತೆ ಬೇಡ ಅಂದ್ರೆ ಆ ದುಡ್ಡು ಕೈ ತಪ್ಪಿ ಹೋಗುತ್ತೆ ಕಣಮ್ಮ" ಅಂದರು ಸದಸ್ಯರೊಬ್ಬರು. ಅದಕ್ಕೆ ಆಕೆ, "ರಸ್ತೆ ಹಾಕಿ ಆಮೇಲೆ ಪೈಪಿಗೆ ಅಗೀತೀರಲ್ಲ, ಅವಾಗ ಯಾರ ದುಡ್ಡು ಹೋಯ್ತದೆ?" ಅಂದರು. ನೋಡಲ್ ಅಧಿಕಾರಿ ಮೊದಲ ಸಲ ಪೆನ್ನು ತೆಗೆದು ಬರೆದುಕೊಂಡರು. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಅನುದಾನದಲ್ಲಿ 60% ನೀರು ಮತ್ತು ನೈರ್ಮಲ್ಯಕ್ಕೇ ಅಂತ ಕಟ್ಟಿಟ್ಟಿತ್ತಲ್ಲ, ಅದು ಇಂಥ ವಾಲ್ವಿಗೇ ತಾನೇ ಅಂತ ಕೇಳಬೇಕೆನಿಸಿತು. ಬಾಕಿದಾರನ ಮಗ, ಬಾಯಿ ಮುಚ್ಚಿಕೊಂಡೆ :)

ಕೊನೆಗೆ ಆದದ್ದು: ದರ ಏರಿಕೆ ಮುಂದಿನ ಸಭೆಗೆ, ವಾಲ್ವ್ ಪಟ್ಟಿಗೆ, ನೀರು ಬಿಡುವ ದಿನ ಡೈರಿ ಗೋಡೆ ಮೇಲೆ ಬರೆಯೋದು. ನಡಾವಳಿ ಪುಸ್ತಕಕ್ಕೆ ಸಹಿ ಹಾಕಿಸುವಾಗ ನಾನು ಎರಡು ಸಲ ಓದಿ ನೋಡಿದೆ, ಮೂರೂ ಇದ್ದವು. ದರದ ಸಾಲಿನಲ್ಲಿ ಮೊದಲು 'ಸಭೆ ಒಪ್ಪಿತು' ಅಂತ ಬರೆದು ಹೊಡೆದುಹಾಕಿದ್ದರು. ಯಾವಾಗ ಬರೆದಿದ್ದರೋ ಕೇಳಲಿಲ್ಲ.

ಸಂಜೆ ಅಪ್ಪನ ಹತ್ತಿರ ಜಗಳ. "ನಾವು ಕುಡಿಯೋದು ತೋಟದ ಬೋರಿನ ನೀರು, ನಲ್ಲಿ ಸುಮ್ನೆ ಬಿದ್ದಿದೆ, ಅದಕ್ಕ್ಯಾಕೆ ಕಂದಾಯ? ಊರಲ್ಲಿ ಯಾರ್ ಕಟ್ತಾರೆ?" ಅಂತ ಅವರು. ಕಾಲೋನಿಯವರು ಕಟ್ತಾರೆ ಅಂದೆ. ಅದಕ್ಕೆ ಅಪ್ಪ ಮಾತಾಡದೆ ಎದ್ದು ತೋಟದ ಕಡೆ ಹೋದರು. ಮಾರನೆ ದಿನ ಬಸ್ಸಿಗೆ ಹೋಗುವ ಮುಂಚೆ ಪಂಚಾಯ್ತಿಗೆ ಹೋಗಿ ಬಾಕಿಯೆಲ್ಲ ಕಟ್ಟಿ ರಸೀದಿ ತಂದು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದೆ. ನಿಜ ಹೇಳಬೇಕೆಂದರೆ ಅದು ದೊಡ್ಡ ಮೊತ್ತವೇ ಅಲ್ಲ. ಅಷ್ಟು ಸಣ್ಣ ಹಣ ಅಂತ ಗೊತ್ತಾದ ಮೇಲೆ ಇನ್ನೂ ನಾಚಿಕೆಯಾಯಿತು.

ಕೂಲಿ ಲೆಕ್ಕ ಮಾಡುವಾಗ ಅಕ್ಕ ತಾವೇ "ನಿನ್ನೆ ಅರ್ಧ ದಿನ ಕಮ್ಮಿ ಹಿಡೀರಿ" ಅಂದರಂತೆ. ಅಮ್ಮ ಪೂರ್ತಿ ಕೊಟ್ಟರಂತೆ.

ಹೋದ ವಾರ ಫೋನ್ ಮಾಡಿದಾಗ ಡೈರಿ ಗೋಡೆ ಏನಾಯ್ತು ಅಂತ ಕೇಳಿದೆ. ಮೂರು ವಾರ ಸೀಮೆಸುಣ್ಣದಲ್ಲಿ ದಿನ ಬರೆದಿದ್ದರಂತೆ, ಬರೆದ ದಿನವೇ ನೀರೂ ಬಂತಂತೆ. ಆಮೇಲೆ ಮೋಟರು ಸುಟ್ಟಿದೆ. ವಾಲ್ವ್ ಬಂದು ಪಂಚಾಯ್ತಿ ಜಗಲಿ ಮೇಲೆ ಇದೆ, ಹಾಕೋಕೆ ಇನ್ನೂ ಜನ ಬಂದಿಲ್ಲ. "ನಿಮ್ಮಪ್ಪ ನಿನ್ನೆ ಆ ಕಡೆ ಹೋದಾಗ ಯಾವಾಗ ಹಾಕ್ತೀರಿ ಅಂತ ಕೇಳ್ಕೊಂಡು ಬಂದ್ರು ಕಣೋ" ಅಂದರು ಅಮ್ಮ.