ಕೊಟ್ಟೂರು ಎಂದು ಹುಡುಕಿದರೆ

ಮೊನ್ನೆ ರಾತ್ರಿ ಇಂಟರ್‌ನೆಟ್ ಆರ್ಕೈವಿನಲ್ಲಿ ನೀಲಗುಂದದ ಬೆನ್ನು ಹತ್ತಿ ಕೂತಿದ್ದೆ. ಹರಪನಹಳ್ಳಿ ತಾಲೂಕಿನ ನೀಲಗುಂದ, ಭೀಮೇಶ್ವರ ಗುಡಿಯ ನೀಲಗುಂದ. ‘ಎಪಿಗ್ರಾಫಿಯಾ ಇಂಡಿಕಾ’ ಶಾಸನ ಸಂಪುಟಗಳಲ್ಲಿ ಆ ಹೆಸರು ಎರಡು ಕಡೆ ಸಿಕ್ಕಿತು. ಆರನೆಯ ಸಂಪುಟದಲ್ಲಿ ಫ್ಲೀಟ್ ಪ್ರಕಟಿಸಿದ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಕ್ರಿ.ಶ. 866ರ ಕಲ್ಬರಹ. ಹನ್ನೆರಡನೆಯ ಸಂಪುಟದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ತಾಮ್ರಪಟ. ಎರಡನ್ನೂ ತೆರೆದಿಟ್ಟು ಮೊದಲ ಪ್ಯಾರಾ ಓದಿದಾಗ ಸಂಗತಿ ತಿಳಿಯಾಯಿತು: ಕಲ್ಬರಹ ಗದಗಿನ ಬದಿಯ ನೀಲಗುಂದದ್ದು, ತಾಮ್ರಪಟ ನಮ್ಮದು. ಸಿಕ್ಕಿದ ಖುಷಿಗಿಂತ, ಸಿಕ್ಕ ಎರಡನ್ನೂ ಅವುಗಳ ಊರಿಗೆ ಸರಿಯಾಗಿ ಮುಟ್ಟಿಸಿದ ಖುಷಿಯೇ ದೊಡ್ಡದು. ಒಂದೇ ಹೆಸರಿನ ಹಿಂದೆ ಕಲ್ಲು, ತಾಮ್ರ, ಗೆಜೆಟಿಯರು, ಹಾಡಿನ ಪುಸ್ತಕ ಎಂದು ನೋಡದೆ ಅಲೆಯುವ ಈ ಹವ್ಯಾಸದ ಜೀವಾಳ ಅಲ್ಲೇ ಇದೆ.

ನನಗೆ ಎಲ್ಲಕ್ಕಿಂತ ಪ್ರಿಯವಾದ ಹೆಸರು ಕೊಟ್ಟೂರು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಯಾವ ತಾಲೂಕಿನ ಸಂತೆಯಲ್ಲಾದರೂ ನಿಂತು ‘ಕೊಟ್ರೇಶಾ’ ಎಂದು ಕೂಗಿ ನೋಡಿ, ನಾಲ್ಕು ಜನ ತಿರುಗುತ್ತಾರೆ. ಕೊಟ್ರಪ್ಪ, ಕೊಟ್ರಮ್ಮ, ಕೊಟ್ರಗೌಡ, ಕೊಟ್ರಬಸಪ್ಪ ಎಲ್ಲರೂ ಗುರು ಕೊಟ್ಟೂರೇಶ್ವರನ ಹೆಸರು ಹೊತ್ತವರು. ಹಾಗೆಯೇ ಉಜ್ಜಿನಿಯ ಕಡೆ ಮರುಳಸಿದ್ದಪ್ಪಂದಿರು, ಮೈಲಾರದ ಕಡೆ ಮೈಲಾರಪ್ಪಂದಿರು, ಉಚ್ಚಂಗಿದುರ್ಗದ ಕಡೆ ಉಚ್ಚೆಂಗೆಮ್ಮಂದಿರು. ಈ ಸೀಮೆಯಲ್ಲಿ ದೇವರ ಹೆಸರು ಊರಿಗೂ ಮನುಷ್ಯರಿಗೂ ಹಂಚಿಹೋಗಿದೆ. ಹುಡುಕುವವನಿಗೆ ಇದು ಹಬ್ಬವೂ ಹೌದು, ಪರೀಕ್ಷೆಯೂ ಹೌದು.

ಇಂಗ್ಲಿಷ್ ದಾಖಲೆಗಳಲ್ಲಿ ಕೊಟ್ಟೂರನ್ನು ಹಿಡಿಯುವುದಕ್ಕೆ ನನ್ನದೊಂದು ಉಪಾಯವಿದೆ. ಹಳೆಯ ಮುದ್ರಣದಲ್ಲಿ ದೀರ್ಘ ಸ್ವರದ ಮೇಲೆ ಗೆರೆಯನ್ನೋ ಗೀಟನ್ನೋ ಹಾಕುತ್ತಿದ್ದರು. ಸ್ಕ್ಯಾನ್ ಆದ ಪುಟವನ್ನು ಓದುವ ಯಂತ್ರ ಗೆರೆ ಹೊತ್ತ ‘ಯು’ವನ್ನು ಎರಡು ‘ಐ’ ಎಂದು ಓದಿಬಿಡುತ್ತದೆ. ಆದ್ದರಿಂದ ಕೆ, ಒ, ಟಿ, ಟಿ, ಐ, ಐ, ಆರ್ ಎಂದೇ ಟೈಪು ಮಾಡಬೇಕು. ಇನ್ನೊಂದು ಇದಕ್ಕಿಂತ ಮಜವಾದದ್ದು. ಮಸಿ ಮಾಸಿದ ಪುಟದಲ್ಲಿ ‘ಟಿ’ಯ ಅಡ್ಡಗೆರೆ ಹಾರಿಹೋದರೆ ಎರಡು ‘ಟಿ’ಗಳು ಎರಡು ‘ಎಲ್’ ಆಗುತ್ತವೆ, ನಮ್ಮ ಕೊಟ್ಟೂರು ಕೊಲ್ಲೂರಾಗುತ್ತದೆ! ಬರೀ ಕೊಲ್ಲೂರು ಎಂದು ಹುಡುಕಿದರೆ ಮೂಕಾಂಬಿಕೆಯ ಭಕ್ತರ ಸಾಲಿನಲ್ಲಿ ಕಳೆದುಹೋಗುತ್ತೀರಿ. ಜೊತೆಗೆ ‘ಕೂಡ್ಲಿಗಿ’ ಎಂದು ಸೇರಿಸಿ. ಪಶ್ಚಿಮ ಘಟ್ಟದ ಊರು ಬದಿಗೆ ಸರಿಯುತ್ತದೆ, ಹಳೆಯ ಬಳ್ಳಾರಿ ಜಿಲ್ಲೆಯ ಪುಟ ಮೇಲೆ ಬರುತ್ತದೆ. ಹರಪನಹಳ್ಳಿಗೂ ಒಂದು ಕೀಲಿಯಿದೆ. ಮದ್ರಾಸಿನ ಅಧಿಕಾರಿಗಳು ನಡುವಿನ ಒಂದು ‘ಎ’ ನುಂಗಿ ಹರ್ಪನಹಳ್ಳಿ ಎಂದೇ ಬರೆದರು. 1872ರ ಕೆಲ್ಸಾಲನ ಮ್ಯಾನ್ಯುಯಲ್, 1882ರ ಸೀವೆಲನ ಪಟ್ಟಿ, 1904ರ ಫ್ರಾನ್ಸಿಸನ ಗೆಜೆಟಿಯರ್ ನೋಡುವವರು ಇದನ್ನು ಮರೆಯಬಾರದು. ಹಡಗಲಿಗೆ ಎರಡು ‘ಎಲ್’. 1896ರಲ್ಲಿ ಅಲೆಗ್ಸಾಂಡರ್ ರೀ ಹೊರತಂದ ಚಾಲುಕ್ಯ ವಾಸ್ತುಶಿಲ್ಪದ ಪುಸ್ತಕದಲ್ಲಿ ಹಡಗಲಿ, ಮಾಗಳ, ಬಾಗಳಿ, ಕುರುವತ್ತಿ ಗುಡಿಗಳ ಬಾಗಿಲುವಾಡ, ಕಂಬ, ಭುವನೇಶ್ವರಿಗಳ ಅಳತೆ ಹಿಡಿದ ರೇಖಾಚಿತ್ರಗಳಿವೆ. ಒಂದು ‘ಎಲ್’ ಕಡಿಮೆಯಾದರೆ ಅದೆಲ್ಲ ಕೈತಪ್ಪುತ್ತದೆ.

ಶಾಸನಗಳಿಗೆ ಬಂದರೆ ಈಗಿನ ಹೆಸರೇ ಸಾಲದು. ಬಾಗಳಿಯನ್ನು ಬಾಳ್ಗುಳಿ ಎಂದು, ಹೂವಿನಹಡಗಲಿಯನ್ನು ಪೊಸವಡಂಗಿಲೆ ಎಂದು ಹುಡುಕಬೇಕು. ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಒಂಬತ್ತನೆಯ ಸಂಪುಟದ ಕನ್ನಡ ಅಚ್ಚನ್ನು ಯಂತ್ರ ಸರಿಯಾಗಿ ಓದಲಾರದು, ಅಲ್ಲಿ ಪುಟ ಮಗುಚುವುದೇ ದಾರಿ. ಹಾಗೆ ಮಗುಚುವಾಗ ಕೋಗಳಿ ಐನೂರು ಎಂಬ ನಾಡು ಕಣ್ಣಿಗೆ ಬೀಳುತ್ತದೆ. ಈಗಿನ ಐದು ತಾಲೂಕುಗಳ ಗಡಿಯನ್ನು ಮನಸ್ಸಿನಿಂದ ಅಳಿಸಿ ಆ ನಾಡನ್ನೇ ಹಿಡಿದು ಹೊರಟರೆ ಕೆಲಸ ಎಷ್ಟೋ ಸಲೀಸು.

ಇಷ್ಟು ದಿನ ಅಲೆದು ನಾನು ಕಂಡುಕೊಂಡ ಸೂತ್ರ ಒಂದೇ: ಹೆಸರನ್ನು ನಂಬಬೇಡ, ಅದರ ನೆರೆಹೊರೆಯನ್ನು ಕೇಳು. ಹಾಸನದ ಅರಸೀಕೆರೆ ಬೇರೆ, ಕೋಲಶಾಂತೇಶ್ವರನ ನಮ್ಮ ಅರಸೀಕೆರೆ ಬೇರೆ. ಪಕ್ಕದಲ್ಲಿ ಉಚ್ಚಂಗಿದುರ್ಗ ಬಂದರೆ ಅದು ನಮ್ಮದು. ಹಗರಿ ಎಂದಾಗ ಬಳ್ಳಾರಿಯ ಪೂರ್ವಕ್ಕೆ ಹರಿಯುವ ವೇದಾವತಿಯೂ ಹಗರಿಯೇ, ಹಗರಿಬೊಮ್ಮನಹಳ್ಳಿಯ ಬಗಲಿನ ಚಿಕ್ಕಹಗರಿಯೂ ಹಗರಿಯೇ. ಮಾಲವಿ ಜಲಾಶಯದ ಮಾತು ಬಂದರೆ ನಿಶ್ಚಿಂತೆ, ಅದು ಚಿಕ್ಕಹಗರಿ. ಇನ್ನು ಪಂಚಪೀಠಗಳಲ್ಲಿ ಒಂದಾದ ನಮ್ಮ ಉಜ್ಜಿನಿಯನ್ನು ಮಾಳವದ ಉಜ್ಜಯಿನಿಯೊಂದಿಗೆ ಬೆರೆಸಿದ ಸೂಚಿಪಟ್ಟಿಗಳನ್ನು ಕಂಡಾಗಲೆಲ್ಲ ಮೈ ಉರಿಯುತ್ತದೆ. ಹಿರೇಹಡಗಲಿಯ ತಾಮ್ರಪಟವಂತೂ ಈ ಸೂತ್ರಕ್ಕೆ ಕಳಶ. ಬ್ಯೂಲರ್ ‘ಎಪಿಗ್ರಾಫಿಯಾ ಇಂಡಿಕಾ’ದ ಮೊದಲ ಸಂಪುಟದಲ್ಲೇ ಪ್ರಕಟಿಸಿದ, ಪಲ್ಲವ ಶಿವಸ್ಕಂದವರ್ಮ ಕಾಂಚಿಯಿಂದ ಹೊರಡಿಸಿದ ಪ್ರಾಕೃತ ದಾನಪತ್ರ ಅದು. ಸಿಕ್ಕಿದ್ದು ಹಿರೇಹಡಗಲಿಯಲ್ಲಿ, ಒಳಗೆ ಹೇಳುವುದು ಸಾತಾಹನಿ ನಾಡಿನ ಚಿಲ್ಲರೇಕಕೋಡುಂಕ ಎಂಬ ಹಳ್ಳಿಯನ್ನು. ತಾಮ್ರದ ಹಾಳೆಗೆ ಕಾಲಿದೆ, ಅದು ಊರು ಬಿಟ್ಟು ಊರಿಗೆ ಹೋಗುತ್ತದೆ. ಕಲ್ಲು ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಇಲ್ಲಿಯೇ ನನ್ನ ಜಗಳ ಶುರುವಾಗುವುದು. ನಮ್ಮ ಹವ್ಯಾಸದಲ್ಲಿ ಅಂಟಿಸುವವರ ಪಂಗಡವೊಂದಿದೆ. ಹೆಸರು ಒಂದೇ ಆದರೆ ಸಾಕು, ಎರಡು ಸಾವಿರ ವರ್ಷದ ಅಂತರವನ್ನು ಒಂದೇ ಗೋಂದಿನಲ್ಲಿ ಅಂಟಿಸಿಬಿಡುತ್ತಾರೆ. ಅಲಹಾಬಾದಿನ ಕಂಬದ ಶಾಸನದಲ್ಲಿ ಸಮುದ್ರಗುಪ್ತ ಸೋಲಿಸಿದ ದಕ್ಷಿಣದ ಅರಸರ ಪಟ್ಟಿಯಿದೆ. ಅದರಲ್ಲಿ ಕೊಟ್ಟೂರದ ಸ್ವಾಮಿದತ್ತನೂ ಇದ್ದಾನೆ. ಅಷ್ಟು ಓದಿದ್ದೇ ತಡ, ‘ಸಮುದ್ರಗುಪ್ತ ನಮ್ಮ ಕೊಟ್ಟೂರಿಗೆ ಬಂದಿದ್ದ’ ಎಂದು ಸ್ಮರಣ ಸಂಚಿಕೆಯೊಂದರಲ್ಲಿ ಅಚ್ಚಾಗಿಬಿಟ್ಟಿತು. ಯಾವ ಕೊಟ್ಟೂರು ಎಂದು ಒಂದು ಕ್ಷಣವಾದರೂ ಕೇಳಬೇಡವೇ? ಫ್ಲೀಟ್ ಅದನ್ನು ಕೊಯಮತ್ತೂರಿನ ಕಡೆಯ ಕೊಟ್ಟೂರೆಂದ. ಆಮೇಲಿನವರು ಗಂಜಾಂ ಸೀಮೆಯ ಮಹೇಂದ್ರಗಿರಿಯ ಬುಡದತ್ತ ಬೆರಳು ತೋರಿಸಿದರು. ಏಕೆ? ಪಟ್ಟಿಯಲ್ಲಿ ಅದರ ನೆರೆಯಲ್ಲಿ ನಿಂತಿರುವುದು ಪಿಷ್ಟಪುರ, ಅಂದರೆ ಗೋದಾವರಿ ಸೀಮೆಯ ಪಿಠಾಪುರ. ಮುಂದೆ ಕಾಂಚಿ, ವೆಂಗಿ ಬರುತ್ತವೆ. ಪಟ್ಟಿ ಪೂರ್ವ ಕರಾವಳಿಯ ಗುಂಟ ನಡೆದಿದೆ. ನೆರೆಹೊರೆಯೇ ಸಾಕ್ಷಿ ಹೇಳುತ್ತಿರುವಾಗ ಹೆಸರೊಂದನ್ನೇ ಹಿಡಿದು ಜಗ್ಗುವುದು ಊರಿನ ಅಭಿಮಾನವಲ್ಲ, ಊರಿಗೆ ಮಾಡುವ ಅವಮಾನ. ನಮ್ಮ ಕೊಟ್ಟೂರಿಗೆ ತೇರಿದೆ, ದಾವಣಗೆರೆಯಿಂದ ನಡೆದು ಬರುವ ಪಾದಯಾತ್ರಿಗಳಿದ್ದಾರೆ, ಮಠಗಳ ಪರಂಪರೆಯಿದೆ. ಅದಕ್ಕೆ ಗುಪ್ತರ ಶಿಫಾರಸು ಪತ್ರ ಬೇಕಿಲ್ಲ.

ಅಂಟಿಸುವವರಿಗೆ ಸಾಮಾನು ಒದಗಿಸುವವರು ಕತ್ತರಿಸುವವರು. ಗೆಜೆಟಿಯರಿನ ಪುಟದಿಂದ ತಮಗೆ ಬೇಕಾದ ಎರಡೇ ಸಾಲನ್ನು ಕತ್ತರಿಸಿ, ಕೆಂಪು ಗೆರೆ ಎಳೆದು ಫೋನಿನಿಂದ ಫೋನಿಗೆ ಕಳಿಸುತ್ತಾರೆ. ಪುಸ್ತಕದ ಹೆಸರಿಲ್ಲ, ವರ್ಷವಿಲ್ಲ, ಪುಟಸಂಖ್ಯೆಯಿಲ್ಲ. ಕೇಳಿದರೆ ‘ಹಳೇ ಬ್ರಿಟಿಷ್ ದಾಖಲೆ ಸಾರ್’ ಎಂಬ ಉತ್ತರ. ಕತ್ತರಿ ಬಿದ್ದದ್ದು ಕಾಗದಕ್ಕಲ್ಲ, ಆ ಹೆಸರಿನ ನೆರೆಹೊರೆಗೆ. ಅದು ಯಾವ ತಾಲೂಕಿನ ಅಧ್ಯಾಯ, ಮೇಲಿನ ಸಾಲಿನ ಹಳ್ಳಿ ಯಾವುದು, ಅಡಿಟಿಪ್ಪಣಿ ಏನು ಹೇಳಿತ್ತು, ಎಲ್ಲ ಹೋಯಿತು. ಅದರಲ್ಲೂ ನಮ್ಮ ಸೀಮೆಯಲ್ಲಿ ಇದು ಅಕ್ಷಮ್ಯ. 1953ರ ಅಕ್ಟೋಬರ್ 1ರವರೆಗೆ ಈ ಊರುಗಳ ಕಾಗದವೆಲ್ಲ ಮದ್ರಾಸಿನ ಲೆಕ್ಕದಲ್ಲಿ, ಆಮೇಲೆ ಮೈಸೂರಿನ ಲೆಕ್ಕದಲ್ಲಿ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಕೊಟ್ಟೂರು ಮೊನ್ನೆ ಮೊನ್ನೆಯವರೆಗೂ ಕೂಡ್ಲಿಗಿ ತಾಲೂಕಿನೊಳಗಿತ್ತು. ವರ್ಷ ಹೇಳದೆ ‘ನಮ್ಮ ಜಿಲ್ಲೆ’ ಎಂದರೆ ಯಾವ ಕಪಾಟು ತೆರೆಯಲಿ?

ಹರಪನಹಳ್ಳಿ ಎಂದು ಹುಡುಕುವಾಗ ಪಾಳೆಯಗಾರ ಸೋಮಶೇಖರ ನಾಯಕರ ನಡುವೆಯೇ ಒಬ್ಬ ಹೆಣ್ಣುಮಗಳು ಎದುರಾಗುತ್ತಾಳೆ. ಹರಪನಹಳ್ಳಿ ಭೀಮವ್ವ, 1823ರಿಂದ 1903ರವರೆಗೆ ಬಾಳಿದ ದಾಸಪರಂಪರೆಯ ಕವಯಿತ್ರಿ. ‘ನಳಚರಿತ್ರೆ’ಯಂಥ ಹಾಡುಗಬ್ಬ ಕಟ್ಟಿದವಳು. ಅವಳು ಸಿಕ್ಕ ಮೇಲೆ ನಾನು ಶಾಸನ, ಗೆಜೆಟಿಯರು ಎಲ್ಲ ಮರೆತು ಅವಳ ಹಿಂದೆಯೇ ಹೊರಟೆ. ಅವಳ ಹಾಡಿನೊಳಗೆ ಭೀಮವ್ವ ಎಂದು ಹುಡುಕಿದರೆ ಏನೂ ಸಿಗದು. ಸಿಗುವುದು ಅಂಕಿತ, ‘ಭೀಮೇಶಕೃಷ್ಣ’. ಸಂಪಾದಕರು ಅದನ್ನು ಕೆಲವೆಡೆ ಒಂದೇ ಪದವಾಗಿ, ಕೆಲವೆಡೆ ಒಡೆದು ಅಚ್ಚು ಮಾಡಿದ್ದಾರೆ, ಎರಡನ್ನೂ ಹುಡುಕಬೇಕು. ಅವಳು ಹುಟ್ಟಿದ ನಾರಾಯಣದೇವರಕೆರೆ ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಆ ಊರಿನ ಜನ ಮರಿಯಮ್ಮನಹಳ್ಳಿಯಲ್ಲಿ ನೆಲೆ ನಿಂತರು. ಹಳೆಯ ಪುಸ್ತಕಗಳ ಸೂಚಿಯಲ್ಲಿ ಮಾತ್ರ ಆ ಹೆಸರು ಇನ್ನೂ ತನ್ನ ಹಳೆಯ ನೆರೆಯವರ ಜೊತೆಗೇ ನಿಂತಿದೆ. ನೆಲದ ಮೇಲೆ ಇಲ್ಲದ ನೆರೆಹೊರೆ ಕಾಗದದ ಮೇಲೆ ಉಳಿದಿರುವಾಗ, ಆ ಕಾಗದಕ್ಕೂ ಕತ್ತರಿ ಹಾಕುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ.

ಸ್ಕ್ಯಾನ್ ಮಾಡುವ ಪುಣ್ಯಾತ್ಮರಲ್ಲಿ ನನ್ನದೊಂದು ಬಿನ್ನಹ. ಪುಸ್ತಕ ಏರಿಸುವಾಗ ವಿವರದ ಜಾಗದಲ್ಲಿ ಊರು, ಅಂದಿನ ತಾಲೂಕು, ಇಂದಿನ ತಾಲೂಕು, ವರ್ಷ, ಈ ನಾಲ್ಕನ್ನು ಕನ್ನಡದಲ್ಲಿ ಬರೆಯಿರಿ. ಮಠಗಳ ಕಡತಗಳನ್ನೂ, ಶಾನುಭೋಗರ ಮನೆಯ ಲೆಕ್ಕದ ವಹಿಗಳನ್ನೂ, ಹೆಂಗಸರು ಕೈಯಲ್ಲಿ ಬರೆದಿಟ್ಟ ಹಾಡಿನ ಪುಸ್ತಕಗಳನ್ನೂ ಗೆದ್ದಲು ತಿನ್ನುವ ಮೊದಲು ಪೂರ್ತಿ ಪುಟವಾಗಿ, ಅಂಚು ಕತ್ತರಿಸದೆ ಏರಿಸಿರಿ. ಯಂತ್ರ ಓದಲಾರದ್ದನ್ನು ನಾವು ಓದುತ್ತೇವೆ, ತಪ್ಪಾಗಿ ಓದಿದ್ದನ್ನು ತಿದ್ದುತ್ತೇವೆ. ಕಡೆಗೆ ಈ ಸೀಮೆಯ ಚರಿತ್ರೆ ಬರೆಯಬೇಕಾದವರು ಕೊಟ್ರೇಶರೂ ಕೊಟ್ರಮ್ಮಂದಿರೂ ತಾನೆ? ಅವರ ಕೈಗೆ ಇಡೀ ಪುಟ ಸಿಗಲಿ.